ಲೇಬಲ್ ಕಿತ್ತ ಬಾಟಲಿ

ಚಾಕು ನನ್ನ ಕುತ್ತಿಗೆಗೆ ತಾಗಿತ್ತು. ನನ್ನ ಕಣ್ಣು ಬಾಟಲಿಯ ಮೇಲಿತ್ತು!

ಗಂಗಾವತಿಯ ಕಾಲುವೆ ದಂಡೆ. ಸುಡುವ ಮಧ್ಯಾಹ್ನ. ಚಾಕು ಕೊಟ್ರಪ್ಪನ ಬಲಗೈಯಲ್ಲಿ, ಬಾಟಲಿ ಎಡಗೈಯಲ್ಲಿ. ಗುಜರಿ ಅಂಗಡಿ ಅವನದು. ಮನೆಯಿಲ್ಲದ ಹುಡುಗರೆಲ್ಲ ಅವನ ಶೆಡ್ಡಿನಲ್ಲೇ ಮಲಗುತ್ತಾರೆ. ಅವನಿಗೇ ಹೆದರುತ್ತಾರೆ.

"ನನ್ನ ಹುಡುಗರಿಗೆ ನಶಾದ ಗುಳಿಗಿ ಮಾರ್ತಿ ಏನ, ದಾನೇಶ್ವರಿ?"

"ಔಷಧ ಐತಿ ಅದು."

"ಹೌದಾ? ಮತ್ತ ಲೇಬಲ್ ಎಲ್ಲೈತಿ?"

ಒಳ್ಳೆ ಪ್ರಶ್ನೆ! ಕಿತ್ತವಳು ನಾನೇ. ಬೀದಿ ಹುಡುಗರಿಗೆ ಔಷಧ ಮುಟ್ಟಿಸುವ ನಮ್ಮ ಕೆಲಸದಲ್ಲಿ ಎಲ್ಲರೂ ಕೀಳುತ್ತೇವೆ. ಆ ಗುಳಿಗೆಯ ಹೆಸರು ಗೊತ್ತಿರುವವನು ಒಬ್ಬ ಓದಿದರೆ ಸಾಕು, ನುಂಗುವವನಿಗೆ ಮಲಗಲು ಫುಟ್‌ಪಾತೂ ಸಿಗುವುದಿಲ್ಲ.

ಕೊಟ್ರಪ್ಪನ ಹಿಂದೆ ತಾಹೇರ ನಿಂತಿದ್ದ. ಇಪ್ಪತ್ತರ ಹುಡುಗ. ನಶೆಗೆಂದು ಗೆಳೆಯನ ಸೂಜಿಯಿಂದ ಚುಚ್ಚಿಕೊಂಡಿದ್ದ. ಗೆಳೆಯನಿಗೆ ಎಚ್‌ಐವಿ! ತಾಹೇರನಿಗೆ ಇನ್ನೂ ಬಂದಿರಲಿಲ್ಲ. ಬಾರದಂತೆ ತಡೆಯುವ ಗುಳಿಗೆ ಅದು. ಒಂದು ತಿಂಗಳು, ದಿನವೂ ತಪ್ಪದೆ ನುಂಗಬೇಕು. ಸ್ವಂತ ಸೂರಿಲ್ಲದವನು ಬಾಟಲಿ ಎಲ್ಲಿಟ್ಟಾನು? ಅದಕ್ಕೇ ದಿನಾ ನಾನೇ ತರುತ್ತಿದ್ದೆ. ಶುರುವಾಗಿ ವಾರವೂ ಆಗಿರಲಿಲ್ಲ.

"ಖರೇ ಹೇಳ್ತಿಯೋ, ಬಾಟ್ಲಿ ಕೆನಾಲಿಗಿ ಒಗೀಲೋ?"

ತಾಹೇರ ತಲೆ ಅಲ್ಲಾಡಿಸಿದ. ಬೇಡ... ಹೇಳಬೇಡಿ!

ಕೊಟ್ರಪ್ಪ ಕೈ ಎತ್ತಿದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

"ಎಚ್‌ಐವಿ ಗುಳಿಗಿ! ತಾಹೇರಂದು!"

ಚಾಕು ಕೆಳಗೆ ಬಿತ್ತು. ಬಾಟಲಿಯೂ. ಕೊಟ್ರಪ್ಪ ಕೈಯನ್ನು ಲುಂಗಿಗೆ ಉಜ್ಜಿಕೊಂಡ.

"ಏ... ಅವನ್ನ ಯಾರೂ ಮುಟ್ಟಬ್ಯಾಡ್ರಲೇ!"

"ಅವಗ ಬಂದಿಲ್ಲಪಾ! ಬರಬಾರದಂತ ಕೊಡೋದು!"

ಕೇಳುವವರು ಯಾರು? ಬೆಳಿಗ್ಗೆ ಅವನ ತಟ್ಟೆಯಲ್ಲೇ ಉಂಡ ಹುಡುಗರು ಹಿಂದೆ ಸರಿದರು. ತಾಹೇರ ನನ್ನನ್ನೇ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಓಡಿದ!

ಬಾಟಲಿ ಎತ್ತಿಕೊಂಡು ಬೆನ್ನು ಹತ್ತಿದೆ. ಅಕ್ಕಿ ಮಿಲ್ಲುಗಳ ಸಂದಿ. ಚಪ್ಪಲಿ ಕಿತ್ತುಹೋಯಿತು. ತಿರುವಿನಲ್ಲಿ ಲಾರಿಯೊಂದು ನಿಧಾನಿಸಿತು. ಅವನು ಹಿಂದಿನಿಂದ ಹತ್ತಿಬಿಟ್ಟ.

"ತಾಹೇರಾ! ಗುಳಿಗಿ ಬಿಡಬ್ಯಾಡೋ!"

ಧೂಳು ಉಳಿಯಿತು.

ಕೊಪ್ಪಳ ಸ್ಟೇಷನ್, ಯಲಬುರ್ಗಾ, ಕನಕಗಿರಿ ಸಂತೆ... ಎಲ್ಲೂ ಇಲ್ಲ. ತಿಂಗಳುಗಳ ಮೇಲೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಅರ್ಧ ಇಳಿದುಹೋಗಿದ್ದ. ಟೆಸ್ಟ್ ಮಾಡಿಸಿದೆ.

ಪಾಸಿಟಿವ್.

ಚಾಕುವಿಗೆ ಕಣ್ಣು ಮಿಟುಕಿಸದ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವನೇ ನೀರು ತಂದುಕೊಟ್ಟ.

ಈಗ ಬೇರೆ ಗುಳಿಗೆ. ಬರೀ ಒಂದು ತಿಂಗಳಲ್ಲ, ಬದುಕಿರುವ ತನಕ. ಹೊಸ ಬಾಟಲಿ ಕೈಗೆ ಬಂದದ್ದೇ ತಡ, ನನ್ನ ಉಗುರು ಲೇಬಲ್ಲಿನ ಅಂಚಿಗೆ ಹೋಯಿತು.

ತಾಹೇರ ನನ್ನ ಕೈ ಹಿಡಿದ.

"ಇರ್ಲಿ ಬಿಡ್ರಿ ಅಕ್ಕಾರ... ಗಂಗಾವತಿ ಮಂದಿಗೆಲ್ಲಾ ನೀವಾ ಓದಿ ಹೇಳೀರಲ್ಲ!"