ಬೂಷ್ಟು ಸತ್ತ ಪ್ರಕರಣ

ಇನ್‌ಸ್ಪೆಕ್ಟರ್ ಸಮವಸ್ತ್ರದ ತೋಳಿಗೆ ಗುಂಡಿ ಹೊಲಿಯುತ್ತಿದ್ದಳು. ದಾರ ಇನ್ನೂ ಕಡಿದಿರಲಿಲ್ಲ, ವಿಶ್ವವಿದ್ಯಾಲಯದ ಪ್ರೊಫೆಸರ್ ಠಾಣೆಯ ಬಾಗಿಲು ತಳ್ಳಿಕೊಂಡು ಬಂದರು. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.

"ಕೊಲೆಯಾಗಿದೆ ಮೇಡಂ, ನನ್ನ ಸಂಶೋಧನೆಯ ಕೊಲೆ!"

ಸತ್ತದ್ದು ಬೂಷ್ಟು. ಬೆಳೆಗೆ ರೋಗ ತರುವ ಬೂಷ್ಟಿನ ಸ್ಯಾಂಪಲ್‌ಗಳು ಪ್ರಯೋಗಾಲಯದ ಫ್ರೀಜರ್‌ನಲ್ಲಿದ್ದವು. ಶುಕ್ರವಾರ ಸಂಜೆ ಯಾರೋ ಅದರ ಪ್ಲಗ್ ಕಿತ್ತಿದ್ದರು. ಮರುದಿನ ನೋಡಿದರೆ ಎಲ್ಲ ನೀರು. ತಿಂಗಳ ಕೊನೆಯ ಸಮ್ಮೇಳನದಲ್ಲಿ ತಮ್ಮ ಹೆಸರು ಕೆಡಿಸಲು ಎದುರು ವಿಭಾಗದ ಮುಖ್ಯಸ್ಥನೇ ಮಾಡಿಸಿದ್ದು ಎಂದು ಪ್ರೊಫೆಸರ್ ಹಲ್ಲು ಕಡಿದರು.

"ಶನಿವಾರವೇ ಗೊತ್ತಾಗಿತ್ತು. ಇವತ್ತು ಬರ್ತಿದ್ದೀರಿ?"

"ನಿನ್ನೆವರೆಗೂ ವಿಚಾರಣಾ ಸಮಿತಿ ಕೂತಿತ್ತು."

"ಏನು ವಿಚಾರಿಸ್ತು?"

"ಪೊಲೀಸರಿಗೆ ದೂರು ಕೊಡಬೇಕೋ ಬೇಡವೋ ಅಂತ."

ಎಫ್‌ಐಆರ್ ಬರೆಯುತ್ತ ಹೆಡ್ ಕಾನ್‌ಸ್ಟೇಬಲ್ ಗೊಣಗಿದ. "ನಮ್ಮನೇಲಿ ಬೂಷ್ಟು ಬಂದ್ರೆ ಹೆಂಡ್ತಿ ನನ್ನ ಮೇಲೆ ಕೇಸು ಹಾಕ್ತಾಳೆ. ಇಲ್ಲಿ ಬೂಷ್ಟು ಹೋಯ್ತು ಅಂತ ಕೇಸು!"

ವಿಶ್ವವಿದ್ಯಾಲಯದ ಮೊದಲ ಗೇಟಿನವನು ಗುರುತಿನ ಚೀಟಿ ಕೇಳಿದ. ಎರಡನೆಯವನು, ಮೊದಲನೆಯವನು ಯಾಕೆ ಬಿಟ್ಟ ಎಂದು ಕೇಳಿದ. ಪ್ರಯೋಗಾಲಯದಲ್ಲಿ ಪಂಚನಾಮೆಗೆ ಉಳಿದಿದ್ದದ್ದು ಫಿನಾಯಿಲ್ ವಾಸನೆ. ಸಮಿತಿಯವರು ಬರುತ್ತಾರೆಂದು ಫ್ರೀಜರ್, ಪ್ಲಗ್, ಗೋಡೆ ಎಲ್ಲವನ್ನೂ ಒರೆಸಿಟ್ಟಿದ್ದರು.

"ಕ್ಯಾಮೆರಾ?"

"ಇದೆ ಮೇಡಂ," ಎಂದರು ಪ್ರೊಫೆಸರ್. "ತಂತಿ ಮುಂದಿನ ಬಜೆಟ್‌ನಲ್ಲಿ."

ಇನ್‌ಸ್ಪೆಕ್ಟರ್ ತುಟಿ ಕಚ್ಚಿ ಹತ್ತರವರೆಗೆ ಎಣಿಸಿದಳು. "ಈ ಫ್ರೀಜರ್‌ನಲ್ಲಿ ಬೇರೆ ಯಾರ ಸ್ಯಾಂಪಲ್ಲೂ ಇರ್ಲಿಲ್ವಾ?"

"ಇತ್ತು, ಉಳಿದ ವಿದ್ಯಾರ್ಥಿಗಳದ್ದೂ. ಅವು ಪಕ್ಕದ ಕೋಣೆಯ ಫ್ರೀಜರ್‌ನಲ್ಲಿ ಭದ್ರವಾಗಿ ಸಿಕ್ವು. ಉಳಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಸಮಿತಿ ಅಭಿನಂದನಾ ನಿರ್ಣಯ ಮಾಡಿದೆ."

ಅವಳು ಪಕ್ಕದ ಕೋಣೆಗೆ ನಡೆದಳು. ಡಬ್ಬಿಗಳು ಒಡೆಯರ ಹೆಸರು ಹೊರಗೆ ಕಾಣುವಂತೆ ಸಾಲಾಗಿ ಕೂತಿದ್ದವು. ಫ್ರೀಜರ್ ಆರಿಸುವವರು ಮೊದಲು ಇತರರ ಡಬ್ಬಿಗಳನ್ನು ಹೀಗೆ ಸಾಗಿಸಬೇಕೆಂಬುದು ಇಲ್ಲಿಯ ಹಳೆಯ ಪದ್ಧತಿಯಂತೆ.

"ಕಳ್ಳ ಎಲ್ಲಾದ್ರೂ ಅಕ್ಕಪಕ್ಕದವರ ಪಾತ್ರೆ ತೊಳೆದಿಟ್ಟು ಹೋಗ್ತಾನೇನ್ರೀ?" ಎಂದಳು ಹೆಡ್ ಕಾನ್‌ಸ್ಟೇಬಲ್‌ಗೆ. "ಇದು ಒಳಗಿನವರ ಕೈ. ಕರಗಿದ್ದು ಯಾರ ಡಬ್ಬಿ, ಕೇಳಿ."

ಕರಗಿದ್ದೆಲ್ಲ ಒಬ್ಬಳದೇ. ಏಳನೆಯ ವರ್ಷದ ಸಂಶೋಧಕಿ. ಕಿರಿಯರ ಬಾಯಲ್ಲಿ 'ಅಕ್ಕ'. ಇನ್‌ಸ್ಪೆಕ್ಟರ್ ಅವಳನ್ನು ಖಾಲಿ ತರಗತಿಯೊಂದರಲ್ಲಿ ಕೂರಿಸಿಕೊಂಡಳು.

"ಪ್ಲಗ್ ಕಿತ್ತಿದ್ದು ನೀವೇ ತಾನೆ?"

ಅವಳು ಡೆಸ್ಕಿನ ಮೇಲಿನ ಗೀಚನ್ನು ಉಗುರಿನಿಂದ ಕೆರೆದಳು. "ಹೂಂ."

"ಬೇರೆಯವರದ್ದನ್ನ ಯಾಕೆ ಎತ್ತಿಟ್ರಿ? ಬಿಟ್ಟಿದ್ರೆ ಕರೆಂಟ್ ಹೋಗಿ ಕೆಟ್ಟಿತು ಅಂದ್ಕೋತಿದ್ರು."

"ಹಾಗೇ ಬಿಡೋಣ ಅಂದ್ಕೊಂಡಿದ್ದೆ ಮೇಡಂ. ಕೈ ಬರ್ಲಿಲ್ಲ. ಅವರೂ ಕಷ್ಟಪಟ್ಟು ಬೆಳೆಸಿದ್ದಲ್ವಾ?"

"ನಿಮ್ಮದ್ಯಾಕೆ ಕರಗಿಸಿದ್ರಿ?"

"ಪ್ರಬಂಧ ಬರೆದು ಮೂರು ವರ್ಷ ಆಯ್ತು. ಕೊಟ್ಟಾಗೆಲ್ಲ ಸರ್, 'ಇನ್ನೊಂದು ಸಲ ಪ್ರಯೋಗ ಮಾಡಮ್ಮ' ಅಂತಾರೆ. ಬೂಷ್ಟು ಇರೋವರೆಗೂ ಇನ್ನೊಂದು ಸಲ ಇದ್ದೇ ಇರ್ತಿತ್ತು."

"ಈಗ?"

"ನಿನ್ನೆ ಸಹಿ ಹಾಕಿದ್ರು. ಇದ್ದಷ್ಟನ್ನೇ ಸಲ್ಲಿಸು, ಇನ್ನೇನು ಮಾಡೋಕಾಗುತ್ತೆ ಅಂದ್ರು." ನಗು ಬಂದು, ಅರ್ಧಕ್ಕೇ ನಿಂತಿತು. "ಪ್ರಬಂಧ ಸಲ್ಲಿಸೋಕೆ ಗುರುವಾರ ಕೊನೇ ದಿನ. ನಾನೇ ಹೋಗಿ ಕೊಡ್ಬೇಕು. ಬಿಡ್ತಾರಾ ಮೇಡಂ?"

ಇನ್‌ಸ್ಪೆಕ್ಟರ್‌ಗೆ ತನ್ನ ಮನೆ ನೆನಪಾಯಿತು. 'ಈ ಸಲ ಬೇಡ, ಮುಂದಿನ ಸಲ ಬರಿ' ಎಂದು ಗಂಡ ಅಂದಾಗಲೆಲ್ಲ ಅವಳು ಬಡ್ತಿ ಪರೀಕ್ಷೆಯನ್ನು ಮುಂದೂಡಿದ್ದಳು. ಅವನು ಜೋರಾಗಿ ಹೇಳಿದ್ದೇ ಇಲ್ಲ. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಮಧ್ಯಾಹ್ನ ಬಂಧನವಾಯಿತು. ಹೊರಡುವಾಗಲೂ 'ಅಕ್ಕ' ಕಿರಿಯಳೊಬ್ಬಳಿಗೆ, "ನಿನ್ನ ಡಬ್ಬಿ ಮುಚ್ಚಳ ಸಡಿಲ ಇದೆ, ನೋಡ್ಕೋ" ಎಂದಳು.

ಪ್ರೊಫೆಸರ್ ಜೀಪಿನವರೆಗೂ ಓಡಿ ಬಂದರು. "ಮಗಳ ಹಾಗೆ ನೋಡಿಕೊಂಡಿದ್ದೆ! ಜಾಮೀನು ಸಿಗಬಾರದು ಮೇಡಂ, ನೀವು ಗಟ್ಟಿಯಾಗಿ ವಿರೋಧಿಸಬೇಕು. ಬೇಕಾದ್ರೆ ಸಮಿತಿಯಿಂದ ಪತ್ರ ಕೊಡಿಸ್ತೀನಿ."

"ಸಮಿತಿ ಯಾವಾಗ ಸೇರುತ್ತೆ?"

"ಶುಕ್ರವಾರ."

"ಒಳ್ಳೇದು. ಕೊಡಿಸಿ."

ಜೀಪು ಹೊರಟಾಗ ಹೆಡ್ ಕಾನ್‌ಸ್ಟೇಬಲ್ ಕೇಳಿದ, "ಜಾಮೀನಿಗೆ ಆಕ್ಷೇಪಣೆ ಇವತ್ತೇ ಬರೆದಿಡ್ಲಾ ಮೇಡಂ?"

"ನೋಡೋಣ."

ನೋಡುವುದಕ್ಕೇನೂ ಉಳಿದಿರಲಿಲ್ಲ. ನಾಳೆ ನ್ಯಾಯಾಧೀಶರು ಕೇಳಿದಾಗ ಪೊಲೀಸರದ್ದು ಆಕ್ಷೇಪಣೆಯಿಲ್ಲ ಎನ್ನುವುದೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಹಿಂದಿನ ಸೀಟಿನಲ್ಲಿ ಕೂತವಳಿಗೂ ಅದನ್ನು ಹೇಳಲಿಲ್ಲ.