ಮೂರು ಚೀಟಿಗಳಲ್ಲಿ 4.6

2025ರ ನವೆಂಬರ್ 16, ಭಾನುವಾರ, ಬೆಳಿಗ್ಗೆ 9.40. ಹೊಸಪೇಟೆಯ ಠಾಣೆಗೆ ಇರುವುದು ನಾಲ್ಕೇ ಮೆಟ್ಟಿಲು. ಅವನ್ನು ಹತ್ತುವಷ್ಟರಲ್ಲಿ ಆ ಮನುಷ್ಯ ಎರಡು ಸಲ ನಿಂತು ಉಸಿರೆಳೆದುಕೊಂಡದ್ದನ್ನು ಇನ್‌ಸ್ಪೆಕ್ಟರ್ ಹೇಮಾವತಿ ಕಿಟಕಿಯಿಂದ ಕಂಡರು. ಕಾನ್‌ಸ್ಟೆಬಲ್ ಮಾರೇಶ್ ಓಡಿಹೋಗಿ ಕೈಹಿಡಿದು ಒಳಗೆ ಕರೆತಂದ.

"ಕುಂದ್ರಿ. ಏನಾಗ್ಬೇಕಿತ್ತು?"

"ಇಬ್ರು ಸತ್ತಾರ್ರಿ ಮೇಡಂ. ಮೂರನೇದಾಂವ ನಾನ ಇರಬೇಕು. ಅದಕ್ಕ ದೂರು ಕೊಡಾಕ ಬಂದೀನಿ."

ಹೆಸರು ಗವಿಸಿದ್ದಪ್ಪ, ವಯಸ್ಸು 58, ಊರು ಸಂಡೂರು ತಾಲ್ಲೂಕಿನ ವಡ್ಡು. ಗಣಿ ಲಾರಿಗಳ ತೂಕದ ಕಾಟಾದಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದವರು. ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಗುರುವಾರ ಹೊಸಪೇಟೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಅದೇ ಪಾಳಿಯಲ್ಲಿ ಕಂಪ್ಲಿಯ ಎರ್ರಿಯಪ್ಪ, ಕಡ್ಡಿರಾಂಪುರದ ದ್ಯಾಮಕ್ಕ ಇದ್ದರು. ಎರ್ರಿಯಪ್ಪ ಅಕ್ಟೋಬರ್ 26ರಂದು, ದ್ಯಾಮಕ್ಕ ನವೆಂಬರ್ 9ರಂದು ಕೂತಲ್ಲೇ ಕುಸಿದು ಸತ್ತಿದ್ದರು. ಎರಡೂ ಭಾನುವಾರ. ಕಿಡ್ನಿ ರೋಗಿಗಳು, ಹೃದಯ ನಿಂತಿತು ಎಂದುಕೊಂಡು ಯಾರೂ ಪ್ರಶ್ನಿಸಿರಲಿಲ್ಲ. ಮರಣೋತ್ತರ ಪರೀಕ್ಷೆಯೂ ನಡೆದಿರಲಿಲ್ಲ.

ಆ ಇಬ್ಬರಿಗೂ ಓದು ಬರದ ಕಾರಣ ಅವರ ಕಾಗದಗಳನ್ನು ಗವಿಸಿದ್ದಪ್ಪನವರೇ ಇಟ್ಟುಕೊಳ್ಳುತ್ತಿದ್ದರು. ಚೀಲದಿಂದ ಮೂರು ಚೀಟಿ ತೆಗೆದು ಮೇಜಿನ ಮೇಲೆ ಹರಡಿದರು. ಮೂರೂ ಒಂದೇ ಖಾಸಗಿ ಲ್ಯಾಬಿನ ರಕ್ತಪರೀಕ್ಷೆಯ ವರದಿಗಳು. ಎರ್ರಿಯಪ್ಪ ಸಾಯುವ ಹಿಂದಿನ ದಿನದ್ದೊಂದು, ದ್ಯಾಮಕ್ಕ ಸಾಯುವ ಹಿಂದಿನ ದಿನದ್ದೊಂದು, ನಿನ್ನೆ ಶನಿವಾರ ತಾವು ಮಾಡಿಸಿದ್ದೊಂದು. ಮೂರರಲ್ಲೂ ಪೊಟ್ಯಾಸಿಯಂ 4.6.

"ಕಿಡ್ನಿ ಹೋದ್ರ ಇದು ರಕ್ತದಾಗ ಉಳೀತೈತ್ರಿ. ಭಾಳ ಏರಿದ್ರ ಎದಿಬಡಿತ ತಪ್ಪತೈತಿ. ಐದರೊಳಗಿದ್ರ ಚಿಂತಿ ಇಲ್ಲ ಅಂತಾರ."

"4.6 ಅಂದ್ರ ಛಲೋನ ಐತಲ್ಲ?"

"ಎರಡು ಲಾರಿ ಒಂದ ತೂಕಕ್ಕ ಬಂದಿದ್ದು ನಾ ನೋಡಿಲ್ರಿ ಮೇಡಂ. ಬಂತು ಅಂದ್ರ, ಯಾರೋ ಕಾಟಾ ನೋಡದನ ಬರದಾರ ಅಂತ. ಇಲ್ಲಿ ಮೂರು ಬಂದಾವು. ಮತ್ತ ನನಗ ನಿನ್ನಿಯಿಂದ ಕಾಲಾಗ ಶಕ್ತಿನ ಇಲ್ಲ."

ಕಾಕತಾಳೀಯವೂ ಇರಬಹುದು ಎಂದು ಹೇಮಾವತಿಗೆ ಅನ್ನಿಸಿತು. ಆದರೆ ಈ ಅನುಮಾನವನ್ನು ಬಗೆಹರಿಸಲು ಒಂದಿಷ್ಟು ರಕ್ತ ಸಾಕಿತ್ತು. ಹಾಗಿದ್ದ ಮೇಲೆ ಸುಮ್ಮನಿರುವುದು ಅವರಿಂದ ಸಾಧ್ಯವಿರಲಿಲ್ಲ. ಅರ್ಜಿಯನ್ನು ದಾಖಲಿಸಿಕೊಂಡು ಜೀಪು ಹೊರಡಿಸಿದರು.

10.20ಕ್ಕೆ ಸರ್ಕಾರಿ ಆಸ್ಪತ್ರೆ. ಇಬ್ಬರು ಸಾಕ್ಷಿಗಳ ಎದುರು ನರ್ಸ್ ಒಂದೇ ತೋಳಿನಿಂದ ಎರಡು ಟ್ಯೂಬು ರಕ್ತ ತೆಗೆದರು. ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಯಿತು. ಇನ್ನೊಂದನ್ನು, ಸಾದಾ ಬಟ್ಟೆ ತೊಟ್ಟು ರೋಗಿಯ ಸಂಬಂಧಿಕನೆಂದು ಹೇಳಿಕೊಂಡು, ಮಾರೇಶ್ ಆ ಖಾಸಗಿ ಲ್ಯಾಬಿಗೆ ಒಯ್ದ.

ಅಷ್ಟರಲ್ಲಿ ಗವಿಸಿದ್ದಪ್ಪನವರ ನಾಡಿ ಹಿಡಿದ ಡಾ. ಸ್ಫೂರ್ತಿ ಮುಖ ಗಂಟಿಕ್ಕಿದರು. ನಿಮಿಷಕ್ಕೆ ನಲವತ್ತೆರಡು. ತಕ್ಷಣ ಇಸಿಜಿ ತೆಗೆಸಿದರು. ಕಾಗದದ ಮೇಲೆ ಗೆರೆಗಳು ಡೇರೆಯ ತುದಿಯಂತೆ ಚೂಪಾಗಿ ಎದ್ದಿದ್ದವು.

"ಪೊಟ್ಯಾಸಿಯಂ ಏರಿದ್ದು ಇದರಾಗನ ಕಾಣ್ತದ. ಲ್ಯಾಬ್ ರಿಪೋರ್ಟಿಗೆ ಕಾಯೋದು ಬ್ಯಾಡ. ಕ್ಯಾಲ್ಸಿಯಂ ತರ್ರಿ, ಜಲ್ದಿ."

ಇಂಜೆಕ್ಷನ್ ನಿಧಾನವಾಗಿ ಇಳಿಯುವಾಗ ಹೇಮಾವತಿ ಮಾನಿಟರ್‌ನಿಂದ ಕಣ್ಣು ಕೀಳಲಿಲ್ಲ. "ಇದರಿಂದ ಪೊಟ್ಯಾಸಿಯಂ ಇಳೀತದೇನು ಡಾಕ್ಟ್ರೇ?"

"ಇಲ್ಲ. ಅದು ಮಾಡೋ ಹಾನಿಯಿಂದ ಹೃದಯಕ್ಕ ಸ್ವಲ್ಪ ಹೊತ್ತು ರಕ್ಷಣೆ ಸಿಗ್ತದ, ಅಷ್ಟೆ. ಆಮೇಲೆ ಇನ್ಸುಲಿನ್, ಗ್ಲೂಕೋಸ್ ಕೊಟ್ಟು ಅದನ್ನ ಜೀವಕೋಶದೊಳಗ ತಳ್ಳಬೇಕು. ಮೈಯಿಂದ ಹೊರಗ ಹಾಕಾಕ ಡಯಾಲಿಸಿಸ್ಸೇ ಬೇಕು. ನಾಳೆತನಕ ಬಿಟ್ಟಿದ್ರ ಇವರು ಉಳೀತಿರಲಿಲ್ಲ."

"ಎರಡೂ ಸಾವು ಭಾನುವಾರನ ಯಾಕ?"

"ಗುರುವಾರದಿಂದ ಸೋಮವಾರ ಉದ್ದನೆಯ ಅಂತರ. ಪೊಟ್ಯಾಸಿಯಂ ಏರೋದು ಆಗಲೇ. ಶನಿವಾರದ ಟೆಸ್ಟು ಅದನ್ನ ಹಿಡಿಯಾಕ ಅಂತಲೇ ಇಟ್ಟದ್ದು."

11.25ಕ್ಕೆ ಆಸ್ಪತ್ರೆಯ ವರದಿ ಬಂತು: 7.3. ಪಾಳಿ ಬದಲಿಸಿ ಗವಿಸಿದ್ದಪ್ಪನವರನ್ನು ಡಯಾಲಿಸಿಸ್‌ಗೆ ಒಯ್ದರು. 12.05ಕ್ಕೆ ಮಾರೇಶನ ಫೋನ್.

"ಮೇಡಂ, ರಿಪೋರ್ಟ್ ಕೊಟ್ರು. 4.6 ರೀ!"

ಹೇಮಾವತಿ ಲ್ಯಾಬ್ ತಲುಪುವಷ್ಟರಲ್ಲಿ, ಪರೀಕ್ಷೆ ಮಾಡಿ ವರದಿ ಬರೆಯುತ್ತಿದ್ದ ಟೆಕ್ನಿಷಿಯನ್ ಮಲ್ಲೇಶ್ ಊಟಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಮಾರೇಶನ ಕಂದು ಪೊಲೀಸ್ ಬೂಟುಗಳನ್ನು ಅವನು ಎರಡು ಸಲ ನೋಡಿದ್ದನಂತೆ.

"ನಿಮ್ಮ ಮಿಷನ್ ಕೆಟ್ಟು ಎಷ್ಟು ದಿನ ಆತು?" ಎಂದು ಮಾಲೀಕನನ್ನು ಕೇಳಿದರು.

"ಕೆಟ್ಟಿಲ್ರಿ ಮೇಡಂ. ದೀಪಾವಳಿಗಿಂತ ಮೊದಲ ಸರ್ವಿಸ್ ಆಗೈತಿ. ಬೇಕಾದ್ರ ನೋಡ್ರಿ."

ನೋಡಿದರು. ಇಬ್ಬರು ಪಂಚರ ಎದುರು, ಯಂತ್ರದ ಕಂಪನಿಯ ಇಂಜಿನಿಯರ್ ಫೋನಿನಲ್ಲಿ ಹೇಳಿದಂತೆ ಯಂತ್ರದ ಮೆಮೊರಿಯನ್ನು ತೆರೆಸಿದರು. ಬೆಳಿಗ್ಗೆ 11.38, ಗವಿಸಿದ್ದಪ್ಪ: 7.3. ಹೇಮಾವತಿ ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಸರಿಯಾಗಿಯೇ ಹೇಳಿತ್ತು. ಗವಿಸಿದ್ದಪ್ಪನವರ ನಿನ್ನೆಯ ಅಂಕಿ 6.8. ನವೆಂಬರ್ 8, ದ್ಯಾಮಕ್ಕ: 6.9. ಅಕ್ಟೋಬರ್ 25, ಎರ್ರಿಯಪ್ಪ: 7.1.

ಐದು ತಿಂಗಳ ಪಟ್ಟಿಯನ್ನು ಕೊಟ್ಟ ವರದಿಗಳ ಜೊತೆ ಒಂದೊಂದಾಗಿ ತಾಳೆ ನೋಡಿದರು. ಆರಕ್ಕಿಂತ ಕೆಳಗಿನ ಅಂಕಿಗಳು ಇದ್ದದ್ದು ಇದ್ದಂತೆಯೇ ವರದಿಗೆ ಬಂದಿದ್ದವು. ಆರು ದಾಟಿದ್ದೆಲ್ಲ 4.6 ಆಗಿತ್ತು. ಅಂಥವರು ಹನ್ನೊಂದು ಜನ. ಸೋಮಾರಿಯಾಗಿದ್ದರೆ ಪರೀಕ್ಷೆಯನ್ನೇ ಮಾಡುತ್ತಿರಲಿಲ್ಲ. ಮಲ್ಲೇಶ್ ಪ್ರತಿಯೊಬ್ಬರ ರಕ್ತವನ್ನೂ ನೋಡಿದ್ದ, ಆಮೇಲೆ ಬದಲಿಸಿದ್ದ. ಯಾಕೆ ಎಂಬುದು ಮಾತ್ರ ಹೇಮಾವತಿಗೆ ಹೊಳೆಯಲಿಲ್ಲ.

ಪಂಚನಾಮೆ ಬರೆದು ಯಂತ್ರವನ್ನೂ ಕಂಪ್ಯೂಟರನ್ನೂ ವಶಪಡಿಸಿಕೊಂಡರು. ಮಧ್ಯಾಹ್ನ 3.30ಕ್ಕೆ ಎಫ್‌ಐಆರ್ ಆಯಿತು: ಸುಳ್ಳು ದಾಖಲೆ ಸೃಷ್ಟಿ, ನಿರ್ಲಕ್ಷ್ಯದಿಂದ ಸಾವು. ಪಟ್ಟಿಯಲ್ಲಿ ಉಳಿದಿದ್ದ ಎಂಟು ಜನರಿಗೆ ಠಾಣೆಯವರೆಲ್ಲ ಕೂತು ಫೋನ್ ಹಚ್ಚಿದರು. ಕತ್ತಲಾಗುವ ಮೊದಲು ಎಂಟೂ ಜನ ಸಿಕ್ಕರು. ಎಲ್ಲರ ರಕ್ತವನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ನೋಡಲಾಯಿತು. ಒಬ್ಬರನ್ನು ಅಲ್ಲೇ ಉಳಿಸಿಕೊಂಡರು.

ಸೋಮವಾರ ಬೆಳಿಗ್ಗೆ 8.15. ಕಡ್ಡಿರಾಂಪುರದಲ್ಲಿ ದ್ಯಾಮಕ್ಕನ ಮಗಳು ಗಂಗಾ ಹಂಪಿಗೆ ಹೋಗುವವರಿಗಾಗಿ ರಸ್ತೆ ಬದಿಯಲ್ಲಿ ಇಡ್ಲಿ ಮಾರುತ್ತಿದ್ದಳು. ಹೇಳಿಕೆ ಕೊಡಲು ಒಲೆ ಆರಿಸಿ ಬಂದಳು.

"ಕಡೀ ದಿನ ಅವ್ವ ಏನು ತಿಂದ್ಲು?"

"ಬಾಳಿಹಣ್ಣು ಮೇಡಂ. ಅದರಾಗ ಪೊಟ್ಯಾಸಿಯಂ ಭಾಳ ಅಂತ ಎರಡು ವರ್ಷ ಆಗಿತ್ತು ನಾವು ಮುಟ್ಟಗೊಟ್ಟಿರಲಿಲ್ಲ. ರಿಪೋರ್ಟ್ ಛಲೋ ಬಂದೈತಿ, ಒಂದು ಕೊಡು ಅಂತ ಕೈ ಮುಂದ ಮಾಡಿದ್ಲು. ನಾನ ಸುಲದು ಎರಡು ಕೊಟ್ಟೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ ಕೊಂದಂಗಾತಲ್ರಿ?"

"ಇಲ್ಲವ್ವ. ನೀನು ಚೀಟಿ ನಂಬಿದಿ. ನಾನಾಗಿದ್ರೂ ನಂಬ್ತಿದ್ದೆ."

ಕಂಪ್ಲಿ ಠಾಣೆಗೆ ತಿಳಿಸಿ, 11.10ಕ್ಕೆ ಆ ಊರಿನಲ್ಲಿದ್ದ ಮಲ್ಲೇಶನ ಮನೆ ಸೇರಿದರು. ಇಪ್ಪತ್ತೇಳರ ಹುಡುಗ. ಓಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ.

"ಎರ್ರಿಯಪ್ಪಂದು ಯಂತ್ರ 7.1 ತೋರಿಸ್ತು. ನೀನು ಬರದಿದ್ದು 4.6. ಯಾಕ?"

"ಜೂನ್‌ದಾಗ ಒಬ್ಬ ಮುದುಕಿದು 7.4 ಬಂದಿತ್ರಿ. ಹಂಗ ಬರದು ಕೊಟ್ಟೆ. ಮನಿಯೋರು ಹೌಹಾರಿ ಬಳ್ಳಾರಿಗೆ ಹೊತ್ಕೊಂಡು ಓಡಿದ್ರು. ಅಲ್ಲಿ ನೋಡಿದ್ರ 4.6. ನಾನು ಸಣ್ಣ ಸೂಜಿಲೆ ಜೋರಾಗಿ ಎಳದಿದ್ದೆ. ಟ್ಯೂಬಿನಾಗ ರಕ್ತದ ಕಣ ಒಡದು, ಅದರೊಳಗಿನ ಪೊಟ್ಯಾಸಿಯಂ ಹೊರಗ ಬಂದು ಅಂಕಿ ಏರಿತ್ತು. ಆಕಿ ಮಕ್ಳು ಲ್ಯಾಬಿಗೆ ಬಂದು ಎಲ್ರ ಮುಂದ ನನ್ನ ಹೊಡದ್ರು. ಇನ್ನೊಮ್ಮಿ ಹಿಂಗಾದ್ರ ಬರಬ್ಯಾಡ ಅಂದ್ರು ಮಾಲೀಕ್ರು. ಅವತ್ತಿಂದ ದೊಡ್ಡ ಅಂಕಿ ಕಂಡ್ರ ಅದ 4.6 ಬರೀತಿದ್ದೆ ರೀ. ಇದೂ ನನ್ನ ತಪ್ಪ ಇರಬೇಕು ಅಂತ..."

"ಇನ್ನೊಮ್ಮೆ ರಕ್ತ ತಗದು ನೋಡಬಹುದಿತ್ತಲ್ಲ?"

"ಮತ್ತ ಅಷ್ಟ ಬಂದ್ರ?"

"ಎರ್ರಿಯಪ್ಪ ಸತ್ತದ್ದು ಗೊತ್ತಾಗಿತ್ತೇನು?"

"ನಮ್ಮೂರಾಂವ ರೀ. ಮಣ್ಣಿಗೆ ಹೋಗಿದ್ದೆ. ಅವತ್ತಿಂದ ಖರೇ ಹೇಳಾಕ ಇನ್ನೂ ಹೆದರಿಕಿ ಆತು."

ಮಾರೇಶ್ ಹೇಳಿಕೆಯನ್ನು ಆಡಿದ ಮಾತಿನಂತೆಯೇ ಬರೆದುಕೊಂಡ. 12.40ಕ್ಕೆ ಬಂಧನ. ಅದರ ತಿಳಿವಳಿಕೆಯ ಕಾಗದವನ್ನು ಮಲ್ಲೇಶನ ತಾಯಿ ಎರ್ರೆಮ್ಮನಿಗೆ ಹೇಮಾವತಿಯೇ ಓದಿ ಹೇಳಿದರು. ಹೆಬ್ಬೆಟ್ಟು ಒತ್ತಿದ ಮೇಲೆ ಆಕೆ ಮೆಲ್ಲಗೆ ಕೇಳಿದಳು:

"ನನ್ನ ಮಗ ಖರೇ ಅಂಕಿ ಬರದಿದ್ರ ಅವ್ರು ಉಳೀತಿದ್ರೇನ್ರಿ?"

"ಹೇಳಾಕ ಆಗಂಗಿಲ್ಲಮ್ಮ. ಆಸ್ಪತ್ರಿಗೆ ಹೋಗಾಕ ಅವರಿಗೆ ಒಂದು ದಿನ ಸಿಗ್ತಿತ್ತು."