ಪಿಲ್ಲರಿನ ಬುಡದ ನಾಲಗೆ

"ಆ ಕಟ್ಟಡದೊಳಕ್ಕೆ ಕಾಲಿಡ್ಬೇಡ ಕಣವ್ವಾ. ಕೇಸಿಗೆ ಬಂದೋರ ಬಾಯಿ ಕಟ್ಸವ್ನೆ ಆ ಜಯಕುಮಾರ," ಎಂದು ಮಾಯಮ್ಮ ಕೈ ಹಿಡಿದು ಎಳೆದಳು.

ಭಾನುಪ್ರಿಯ ನಕ್ಕುಬಿಟ್ಟಳು. "ಬಾಯಿ ಕಟ್ಟೋಕೆ ನಾನೇನು ರಾಗಿ ಮೂಟೆನಾ ಮಾಯಮ್ಮ? ಬಿಡಿ, ಫೋಟೋ ತೆಗೀಬೇಕು."

ಮೈಸೂರಿನಿಂದ ಬಂದು ರಾಮನಗರದ ಕೋರ್ಟಿನಲ್ಲಿ ಕರಿ ಕೋಟು ತೊಟ್ಟು ಇನ್ನೂ ವರ್ಷ ತುಂಬದ ವಕೀಲೆ ಅವಳು. ರಾಮನಗರ ಜಿಲ್ಲೆಯಾದ ಹೊಸತು. ಬಿಡದಿಯ ಸುತ್ತ ಎಲ್ಲಿ ನೋಡಿದರೂ ಶೆಡ್ಡು, ಗೋದಾಮು. ಬೈರಮಂಗಲದ ಈ ಜಯಕುಮಾರನಂತೂ ಪ್ಲಾನಿಲ್ಲ, ಪರವಾನಗಿಯಿಲ್ಲ, ಮಾಯಮ್ಮನ ಹಿಪ್ಪುನೇರಳೆ ತೋಟವನ್ನೇ ನುಂಗಿ ಗೋದಾಮು ಎಬ್ಬಿಸಿದ್ದ. ನಾಳೆ ಸಂಜೆ ತಾರಸಿ ಹಾಕುವ ಸನ್ನಾಹ. ಅಷ್ಟರೊಳಗೆ ತಡೆಯಾಜ್ಞೆ ತಾರದಿದ್ದರೆ ತೋಟ ಹೋದ ಹಾಗೆಯೇ. ಎದ್ದು ನಿಂತ ಕಟ್ಟಡವನ್ನು ಯಾವ ಕೋರ್ಟು ಯಾವ ಕಾಲಕ್ಕೆ ಬೀಳಿಸೀತು?

ಒಳಗೆ ಹಗಲಲ್ಲೂ ಮಬ್ಬು. ತಾರಸಿಗೆ ಬಡಿದ ಹಲಗೆಗಳ ಕೆಳಗೆ ಹಸಿ ಸಿಮೆಂಟಿನ ಥಂಡಿ, ಪಕ್ಕದ ಕೊಳಕು ಕೆರೆಯ ನೊರೆಯ ಗಬ್ಬು, ಅದರಡಿಯಲ್ಲಿ ಇನ್ನೊಂದು ವಾಸನೆ, ಕೊಳೆತ ಮಾಂಸದ್ದು. ಮೂಲೆಯ ಪಿಲ್ಲರಿನ ಬುಡಕ್ಕೆ ಹೊಸದಾಗಿ ಮೆತ್ತಿದ್ದ ಸಿಮೆಂಟಿನಲ್ಲಿ ಕುರಿಯ ನಾಲಗೆಯೊಂದು ಅರ್ಧ ಹೂತಿತ್ತು. ಸುತ್ತ ಕಪ್ಪು ದಾರ, ಮೈತುಂಬ ಜಾಲಿ ಮುಳ್ಳು. ಒಂದು ನೊಣವೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

"ಅಯ್ಯೋ, ಮುಟ್ಬೇಡ!" ಮಾಯಮ್ಮ ಹೊರಗಿನಿಂದಲೇ ಕಿರುಚಿದಳು.

"ಮುಟ್ಟಲ್ಲ. ಇವನ ಎಂಜಿನಿಯರಿಂಗನ್ನ ಜಡ್ಜ್ ಸಾಹೇಬ್ರೂ ಒಸಿ ನೋಡ್ಲಿ!" ಎಂದು ಭಾನುಪ್ರಿಯ ಕ್ಯಾಮೆರಾ ಕ್ಲಿಕ್ಕಿಸಿದಳು. ಎಲಾ ಹುಡುಗಿಯ ಧೈರ್ಯವೇ! ಫ್ಲಾಶು ಹೊಡೆದಾಗ ನಾಲಗೆ ಮಿಡುಕಿದ ಹಾಗಾಯಿತು. ಹಸಿ ಸಿಮೆಂಟು ಜರಿದಿರಬೇಕು ಎಂದುಕೊಂಡು ಹೊರಬಂದಳು.

ಮರುದಿನ ಬೆಳಗ್ಗೆ ಕೋರ್ಟಿನಲ್ಲಿ ಕೇಸು ಕೂಗಿದರು. ಭಾನುಪ್ರಿಯ ಎದ್ದಳು. ಬಾಯಿ ತೆರೆದಳು. ಮಾತಿಲ್ಲ.

ಮತ್ತೆ ಯತ್ನಿಸಿದಳು. ನಾಲಗೆ ಅಲುಗಲಿಲ್ಲ. ಏನೋ ಚುಚ್ಚಿತು. ಮತ್ತೊಂದು ಕಡೆ ಚುಚ್ಚಿತು. ಬಾಯೊಳಗೆ ಕೊಳೆತ ಮಾಂಸದ ನಾತ. ಕಿವಿಯಲ್ಲಿ ದಾರ ಬಿಗಿಯುವ ಕಿರಕಿರ ಸದ್ದು. ಹಿಂದಿನ ಬೆಂಚಿನಲ್ಲಿ ಜಯಕುಮಾರ ಮುಸಿಮುಸಿ ನಗುತ್ತಿದ್ದ.

"ಏನಮ್ಮಾ, ವಾದ ಇದೆಯೋ ಇಲ್ಲವೋ? ಇಲ್ಲದಿದ್ದರೆ ಅರ್ಜಿ ವಜಾ ಮಾಡ್ತೀನಿ," ಎಂದರು ನ್ಯಾಯಾಧೀಶರು.

ಭಯವಾಯಿತು. ಆದರೆ ಆ ನಗು ಕೇಳಿ ಅವಳಿಗೆ ಸಿಟ್ಟು ನೆತ್ತಿಗೇರಿತು. ಕಟ್ಟಿದ್ದೀಯಾ? ಕಟ್ಟು. ಹರಿದುಕೊಂಡಾದರೂ ಮಾತಾಡ್ತೀನಿ. ಮೇಜನ್ನು ಬಿಗಿಯಾಗಿ ಹಿಡಿದಳು. ನಾಲಗೆಯನ್ನು ಎಳೆದಳು. ಮುಳ್ಳು ಸೀಳಿತು. ಮತ್ತೆ ಎಳೆದಳು. ರಕ್ತ. ಬಿಸಿ ರಕ್ತ. ನುಂಗಿದಳು.

"ಇವತ್ತು... ತಾರಸಿ... ಹಾಕ್ತಾರೆ. ಪರ್ಮಿಶನ್... ಇಲ್ಲ. ತಡೀರಿ... ಸ್ವಾಮಿ."

ನ್ಯಾಯಾಧೀಶರು ಫೋಟೋಗಳನ್ನು ತಿರುವಿ ನೋಡಿದರು. ಪರವಾನಗಿ ಕೇಳಿದರೆ ಜಯಕುಮಾರನ ವಕೀಲರು ತಡವರಿಸಿದರು. "ಕೇಸು ಮುಗಿಯುವವರೆಗೆ ಸ್ಥಳ ಇದ್ದ ಹಾಗೇ ಇರಬೇಕು. ಎರಡೂ ಕಡೆಯವರು ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ," ಎಂದು ಆಜ್ಞೆಯಾಯಿತು.

ಗೆದ್ದಳು! ಆದರೆ ಅದೇ ಅವಳ ಕೊನೆಯ ಮಾತು. ಡಾಕ್ಟರು ಟಾರ್ಚು ಬಿಟ್ಟು ನೋಡಿದರೆ ನಾಲಗೆಯ ಮೇಲೆ ಒಂದು ಗೀರೂ ಇರಲಿಲ್ಲ.

ಸಂಜೆ ಕೋರ್ಟಿನ ಅಮೀನ ಆದೇಶ ಅಂಟಿಸಲು ಬೈರಮಂಗಲಕ್ಕೆ ಬಂದಾಗ ಭಾನುಪ್ರಿಯಳೂ ಜೊತೆಗಿದ್ದಳು. ಮಾಯಮ್ಮ ಹಾರೆ ಹಿಡಿದು ಓಡಿ ಬಂದಳು.

"ಸಿಮೆಂಟ್ ಒಡ್ದು ಆ ಸನೀನ ಸುಟ್ಬುಡ್ತೀನಿ. ನಿನ್ ಮಾತು ಬತ್ತದೆ ಕಣವ್ವಾ!"

"ಒಡಿ ಮಾಯಮ್ಮಾ, ಒಡಿ," ಎಂದ ಜಯಕುಮಾರ, ಕೈಯಲ್ಲಿ ವಿಡಿಯೋ ಕ್ಯಾಮೆರಾ. "ಆರ್ಡರ್ ಮುರ್ದೋಳು ನೀನೇ ಆಯ್ತೀಯ. ಸ್ಟೇ ಬಿದ್ದೋಯ್ತದೆ, ನಾನು ತಾರಸಿ ಹಾಕ್ತೀನಿ."

ಮಾಯಮ್ಮ ಲೆಕ್ಕಿಸದೆ ಒಳಗೆ ನುಗ್ಗಿ ಆ ಮೂಲೆಯ ಪಿಲ್ಲರಿನ ಬುಡಕ್ಕೆ ಹಾರೆ ಎತ್ತಿದಳು. ಭಾನುಪ್ರಿಯ ಅದನ್ನು ಕಸಿದು ದೂರ ಎಸೆದಳು.

"ಕೇಸು ಮುಗಿಯಾಕೆ ಎಷ್ಟು ವರ್ಸ ಆಯ್ತದೋ. ನನ್ ತೋಟಕ್ಕೋಸ್ಕರ ಮೂಗಿಯಾಗ್ಬುಡ್ತೀಯೇನವ್ವಾ?" ಮಾಯಮ್ಮ ಗೋಳೋ ಎಂದು ಅತ್ತಳು.

ಭಾನುಪ್ರಿಯಳ ಕಣ್ಣೂ ತುಂಬಿ ಬಂತು. ಆದರೂ ಅಮೀನನ ಕೈಯಿಂದ ಆದೇಶವನ್ನು ಇಸಿದುಕೊಂಡು, ಗೋಂದು ಬಳಿದು, ಅದೇ ಪಿಲ್ಲರಿಗೆ ಒತ್ತಿ ಹಿಡಿದಳು. ಹಿಡಿದೇ ಜಯಕುಮಾರನನ್ನು ದಿಟ್ಟಿಸಿ ನೋಡಿದಳು. ಅವನು ಕ್ಯಾಮೆರಾ ಕೆಳಗಿಳಿಸಿ ಕಾರಿನ ಕಡೆ ನಡೆದ.